ಒಂದು ಒರಳು, ಎರಡು ಹೆಸರು

ತೆಂಗಿನ ಸೀಮೆಯೆಂದು ಹೆಸರಾದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಒರಳುಕಲ್ಲಿಲ್ಲದ ಅಡುಗೆಮನೆಯನ್ನು ಒಂದು ಕಾಲಕ್ಕೆ ಊಹಿಸುವುದೇ ಕಷ್ಟವಾಗಿತ್ತು. ತೋಟದ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕುಳಿತು, ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಯನ್ನು ಸೇರಿದರೆ, ಮನೆಯ ಪಾಲಿಗೆ ಉಳಿದ ಕಾಯಿ ಪ್ರತಿದಿನವೂ ಒರಳಿನಲ್ಲಿ ನುರಿಯುತ್ತಿತ್ತು. ಒಂದು ಕೈ ಗುಂಡನ್ನು ತಿರುಗಿಸಬೇಕು, ಮತ್ತೊಂದು ಕೈ ಅಂಚಿಗೆ ಸರಿದುದನ್ನು ಕುಳಿಗೆ ನೂಕಬೇಕು. ಕಲ್ಲು ಸವೆದು ನುಣುಪಾದಾಗ ಉಳಿಯಿಂದ ಕುಟ್ಟಿಸಿ ಮತ್ತೆ ಒರಟು ಮಾಡಿಸಬೇಕು. ಇಂದು ದಬ್ಬೇಘಟ್ಟದಂತಹ ಹೋಬಳಿಯ ಊರಿನಲ್ಲಿಯೂ ಈ ಕೆಲಸ ಬಹುಮಟ್ಟಿಗೆ ವಿದ್ಯುತ್ತಿನ ಯಂತ್ರದ ಪಾಲಾಗಿದೆ; ಒರಳು ಹಿತ್ತಲನ್ನು ಸೇರಿದೆ. ಆದರೂ ಅದನ್ನು ಒಡೆದುಹಾಕಲು ಯಾರಿಗೂ ಮನಸ್ಸು ಬಾರದು. ಮದುವೆಯ ಶಾಸ್ತ್ರದಲ್ಲಿ ಅರಿಸಿನ ಕುಂಕುಮವಿಟ್ಟು ಪೂಜಿಸಿದ ಕಲ್ಲಲ್ಲವೆ ಅದು?

ಹಳ್ಳಿಯಲ್ಲಿ ಹಿತ್ತಲಾದರೂ ಉಂಟು. ಬೆಂಗಳೂರಿನಂತಹ ನಗರದಲ್ಲಿ ಅದೂ ಇಲ್ಲ. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವಾಗ ಅಡುಗೆಮನೆಯ ಒರಳು ಹೊರಬರುತ್ತದೆ. ಹೊಸ ಮನೆಯಲ್ಲಿ ಅದಕ್ಕೆ ಸ್ಥಳವಿಲ್ಲ, ಒಡೆಯಲು ಕೈ ಬಾರದು, ಮಾರಿದರೆ ಕೊಳ್ಳುವವರಿಲ್ಲ. ಕಡೆಗೆ ಅದು ರಸ್ತೆಯ ಬದಿಯನ್ನು ಸೇರುತ್ತದೆ. ಮೂರು ತಲೆಮಾರಿಗೆ ಅನ್ನವಿಕ್ಕಿದ ಕಲ್ಲು ಹೀಗೆ ದಿಕ್ಕಿಲ್ಲದೆ ಬೀದಿಯಲ್ಲಿ ಬಿದ್ದಿರುವುದನ್ನು ಸಾವಿರಾರು ಜನ ನೋಡಿಕೊಂಡು ಹೋದರು. ಬೆಂಗಳೂರಿನಲ್ಲಿಯೇ ನೆಲೆಸಿದ್ದ ಕಲಾವಿದ ದಂಪತಿಗಳಿಬ್ಬರು ಮಾತ್ರ ಅಲ್ಲಿ ನಿಂತು ನೋಡಿದರು. ಅವರೇ ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್.

ಶೀಲಾ ಅವರು 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನಗಳಲ್ಲಿ ವ್ಯಾಸಂಗ ಮಾಡಿ, 1986ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ ಸ್ನಾತಕೋತ್ತರ ಪದವಿ ಪಡೆದರು. ಮೊದಲು ಚಿತ್ರಗಾರ್ತಿಯಾಗಿದ್ದ ಇವರು 1990ರ ದಶಕದಲ್ಲಿ ಬಣ್ಣದ ಚೌಕಟ್ಟಿನಿಂದ ಹೊರಬಂದು, ಸಗಣಿ, ದಾರ, ಕುಂಕುಮ, ಡಾಂಬರಿನ ಪೀಪಾಯಿಗಳಂತಹ ನಿತ್ಯದ ವಸ್ತುಗಳನ್ನೇ ಕಲೆಯ ಮಾಧ್ಯಮವನ್ನಾಗಿ ಮಾಡಿಕೊಂಡರು. ದೃಷ್ಟಿ ತಾಕದಿರಲೆಂದು ನಮ್ಮ ಚಾಲಕರು ವಾಹನಗಳಿಗೆ ಕಟ್ಟುವ ಕೂದಲಿನ ಹುರಿಯಿಂದ ಕಾರುಗಳ ಬಂಪರುಗಳನ್ನು ತೂಗುಹಾಕಿದ ಇವರ ಕೃತಿ 2009ರ ವೆನಿಸ್ ಪ್ರದರ್ಶನದಲ್ಲಿ ಲೋಕದ ಗಮನವನ್ನು ಸೆಳೆಯಿತು. ಪತಿ ಕ್ರಿಸ್ಟೋಫ್ ಸ್ವಿಟ್ಜರ್‌ಲೆಂಡಿನವರು, ಅವರೂ ಕಲಾವಿದರೇ.

ಇವರಿಬ್ಬರೂ ಬೆಂಗಳೂರಿನ ಬೀದಿಗಳಲ್ಲಿ ತ್ಯಕ್ತವಾಗಿದ್ದ ಸುಮಾರು 170 ಒರಳುಕಲ್ಲುಗಳನ್ನು ಕೂಡಿಹಾಕಿ ಕೇರಳದ ಕೊಚ್ಚಿಗೆ ಸಾಗಿಸಿದರು. ಅಲ್ಲಿ 2012ರ ಡಿಸೆಂಬರ್ 12ರಂದು ನಮ್ಮ ದೇಶದ ಮೊದಲನೆಯ ಬಿನಾಲೆ, ಅಂದರೆ ಎರಡು ವರ್ಷಗಳಿಗೊಮ್ಮೆ ನಡೆಯತಕ್ಕ ಅಂತರರಾಷ್ಟ್ರೀಯ ಕಲಾಪ್ರದರ್ಶನ, ಆರಂಭವಾಯಿತು. ಅದರ ಮುಖ್ಯ ಸ್ಥಳ ಕಡಲ ದಡದ ಆಸ್ಪಿನ್‌ವಾಲ್ ಹೌಸ್. 1867ರಲ್ಲಿ ಸ್ಥಾಪಿತವಾದ ಆಂಗ್ಲ ವರ್ತಕಸಂಸ್ಥೆಯ ಹಳೆಯ ಕೋಠಿ. ಮೆಣಸು, ಶುಂಠಿ, ಅರಿಸಿನ, ತೆಂಗಿನೆಣ್ಣೆಗಳೆಲ್ಲ ಅಲ್ಲಿಂದ ಹಡಗೇರುತ್ತಿದ್ದವು. ಆ ಸರಕನ್ನೇ ಅಡುಗೆಮನೆಯಲ್ಲಿ ಅರೆದು ಸವೆದ ಕಲ್ಲುಗಳು ಈಗ ಅದೇ ಕೋಠಿಗೆ ಅತಿಥಿಗಳಾಗಿ ಬಂದವು. ಕೃತಿಗೆ ಅವರಿಟ್ಟ ಹೆಸರು ‘ಸ್ಟಾಪ್‌ಓವರ್’. ಪಯಣದ ನಡುವಣ ತಂಗುವಿಕೆ ಎಂದರ್ಥ. ಮನೆ ಬಿಟ್ಟ ಕಲ್ಲಿಗೆ ಇನ್ನೊಂದು ಮನೆ ದೊರೆತಿಲ್ಲ, ಅದು ದಾರಿಯಲ್ಲಿದೆ ಎಂಬ ಧ್ವನಿ ಆ ಹೆಸರಿನಲ್ಲಿಯೇ ಅಡಗಿದೆ.

ಶೀಲಾ ಅವರ ಬಹುಪಾಲು ಕೃತಿಗಳಿಗೆ ಅವರೊಬ್ಬರೇ ಕರ್ತೃಗಳು. ಪ್ರದರ್ಶನಗಳಲ್ಲಿ ಅವರೊಬ್ಬರ ಹೆಸರೇ ಇರುತ್ತದೆ. ಒರಳುಗಳ ಕೃತಿಗೆ ಮಾತ್ರ ಪತಿಪತ್ನಿಯರಿಬ್ಬರ ಹೆಸರೂ ಉಂಟು. ಇದು ದಾಂಪತ್ಯದ ಸೌಜನ್ಯವಲ್ಲ, ಕೆಲಸದ ಲೆಕ್ಕ. ತನ್ನದು ತನ್ನದೆಂದೂ ಇಬ್ಬರದು ಇಬ್ಬರದೆಂದೂ ನಿಸ್ಸಂಕೋಚವಾಗಿ ಹೇಳುವ ಈ ನಿಷ್ಕರ್ಷೆ ಸುಲಭದ ಮಾತಲ್ಲ.

ಎಷ್ಟು ಕಷ್ಟವೆಂಬುದಕ್ಕೆ ಹೊರದೇಶದ ಒಂದು ನಿದರ್ಶನವನ್ನು ನೋಡಬಹುದು. ಕ್ರಿಸ್ಟೊ ಮತ್ತು ಜೀನ್ ಕ್ಲಾಡ್ ಎಂಬ ದಂಪತಿಗಳು 1935ರ ಜೂನ್ 13ರಂದು, ಒಂದೇ ದಿನ, ಹುಟ್ಟಿದವರು. ಸೇತುವೆಗಳನ್ನೂ ಭವನಗಳನ್ನೂ ಬಟ್ಟೆಯಿಂದ ಹೊದಿಸಿ ಹೆಸರಾದವರು. ಆದರೆ ದಶಕಗಳ ಕಾಲ ಆ ಕೃತಿಗಳೆಲ್ಲ ಗಂಡನೊಬ್ಬನ ಹೆಸರಿನಲ್ಲಿಯೇ ಪ್ರಚಾರವಾದವು. 1994ರಲ್ಲಿ, ಇಬ್ಬರಿಗೂ ಅರವತ್ತು ಸಮೀಪಿಸಿದಾಗ, ಹೊರಾಂಗಣದ ಕೃತಿಗಳೆಲ್ಲವೂ ಇಬ್ಬರವೆಂದು ಅವರು ಹಿಂದಿನವನ್ನೂ ಸೇರಿಸಿ ಸಾರಿದರು. ಮರುವರ್ಷ ಬರ್ಲಿನ್ನಿನ ರೈಷ್‌ಟಾಗ್ ಭವನಕ್ಕೆ ಹೊದಿಕೆ ಹೊದಿಸಿದಾಗ ಎರಡು ಹೆಸರೂ ಜೊತೆಗಿದ್ದವು.

ಹಾಗೆಂದು ಕಲಾವಿದ ದಂಪತಿಗಳೆಲ್ಲ ಒಂದೇ ಕೃತಿಗೆ ಕೈ ಹಾಕಬೇಕೆಂದಿಲ್ಲ. ಮೈಸೂರಿನಲ್ಲಿ ಜನಿಸಿದ ಎಸ್. ಜಿ. ವಾಸುದೇವ್ ಮತ್ತು ಅವರ ಪತ್ನಿ ಆರ್ನವಾಜ್ ಇಬ್ಬರೂ, ಮದರಾಸಿನ ಬಳಿ 1966ರಲ್ಲಿ ಹುಟ್ಟಿದ ಚೋಳಮಂಡಲ ಕಲಾಗ್ರಾಮದಲ್ಲಿ ಒಟ್ಟಿಗೆ ಬಾಳಿದರು. ಇಬ್ಬರೂ ಕಲಾವಿದರು, ಇಬ್ಬರಿಗೂ ತಮ್ಮ ತಮ್ಮದೇ ರೇಖೆಯಿತ್ತು. ಆರ್ನವಾಜ್ 1988ರಲ್ಲಿ ತೀರಿಕೊಂಡರು. ಬಡ ಕಲಾವಿದ್ಯಾರ್ಥಿಗಳಿಗೆ ನೆರವಾಗಲೆಂದು ಅವರ ಹೆಸರಿನಲ್ಲಿ ಧರ್ಮನಿಧಿಯೊಂದು ಹುಟ್ಟಿತು. ಒಂದೇ ಸೂರಿನ ಕೆಳಗೆ ಎರಡು ಹೆಸರು ಬಾಳುವುದಕ್ಕೆ ಇದೂ ಒಂದು ಮಾರ್ಗ.

ಇಷ್ಟಾದರೂ ಮನಸ್ಸು ಮತ್ತೆ ಆ 170 ಕಲ್ಲುಗಳ ಕಡೆಗೇ ಹೊರಳುತ್ತದೆ. ಅವುಗಳ ಕುಳಿಗಳನ್ನು ಅಷ್ಟು ಆಳವಾಗಿ, ಅಷ್ಟು ನುಣುಪಾಗಿ ಸವೆಸಿದವರು ಯಾರು? ಬೆಳಗಿನ ಜಾವದಲ್ಲಿ ಎದ್ದು ಅದರ ಮುಂದೆ ಕುಳಿತ ಅತ್ತೆಯರು, ಸೊಸೆಯರು, ಹೆಣ್ಣುಮಕ್ಕಳು. ಚಟ್ನಿಯ ರುಚಿಯನ್ನು ಊಟಕ್ಕೆ ಕುಳಿತವರು ಹೊಗಳಿದರು. ರುಬ್ಬಿದ ತೋಳಿನ ಹೆಸರನ್ನು ಯಾರೂ ಎಲ್ಲಿಯೂ ಬರೆಯಲಿಲ್ಲ. ಕೊಚ್ಚಿಯ ಫಲಕದಲ್ಲಿಯೂ ಆ ಹೆಸರುಗಳಿರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಆದರೆ ಆ ಕಲ್ಲುಗಳನ್ನು ಎತ್ತಿ ನಿಲ್ಲಿಸಿದ ದಂಪತಿಗಳು ಅವುಗಳ ಸವೆತವನ್ನು ಅಳಿಸಿ ಹೊಸದಾಗಿ ಕೆತ್ತಲಿಲ್ಲ. ಅವರ ಕೃತಿಯಲ್ಲಿ ನೋಡತಕ್ಕದ್ದು ಆ ಸವೆತವೇ ಆಗಿತ್ತು.

ದಬ್ಬೇಘಟ್ಟದ ಕಡೆಯ ಹಿತ್ತಲುಗಳಲ್ಲಿ ಇಂದಿಗೂ ತೆಂಗಿನ ಮರದ ಬುಡದಲ್ಲಿ ಇಂತಹ ಒರಳುಗಳನ್ನು ಕಾಣಬಹುದು. ಮಳೆಯ ನೀರು ನಿಂತಾಗ ಕೋಳಿಗಳು ಬಂದು ಕುಡಿಯುತ್ತವೆ. ಅದನ್ನು ಸವೆಸಿದವರ ಹೆಸರು ಬಲ್ಲ ಹಿರಿಯರು ಕೆಲವು ಮನೆಗಳಲ್ಲಾದರೂ ಇನ್ನೂ ಇದ್ದಾರೆ. ಅವರಿರುವಾಗಲೇ ಮನೆಯ ಮಕ್ಕಳು ಆ ಹೆಸರನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.