ನಿಮಗಿದು ಗೊತ್ತೇ? ಕೆಸರಿನ ರೋಗಾಣು, ಪ್ರಯೋಗಾಲಯದ ಇಲಿ

● ತೋಡಾರು, ಮೂಡುಬಿದಿರೆ, ಬಂಟ್ವಾಳದ ಗದ್ದೆ-ತೋಟಗಳಲ್ಲಿ ದುಡಿಯುವವರು ತಿಳಿದಿರಬೇಕಾದ ಒಂದು ಕಾಯಿಲೆ ಮೆಲಿಯಾಯ್ಡೋಸಿಸ್. ಒದ್ದೆ ಮಣ್ಣು, ನೀರಿನಲ್ಲಿರುವ ಬ್ಯಾಕ್ಟೀರಿಯಾ ಗಾಯದಿಂದಲೋ ಉಸಿರಿನಿಂದಲೋ ದೇಹ ಸೇರಿದರೆ ಇದು ಬರುತ್ತದೆ.

● ಇದು ಇಲಿಜ್ವರವಲ್ಲ! ಇಲಿಜ್ವರದ ರೋಗಾಣು ಬರುವುದು ಇಲಿ ಮುಂತಾದ ಪ್ರಾಣಿಗಳ ಮೂತ್ರದಿಂದ. ಇದರದು ಮಣ್ಣಲ್ಲೇ ವಾಸ.

● ರೋಗವನ್ನು ಮೊದಲು ಗುರುತಿಸಿದ್ದು 1911ರಲ್ಲಿ, ರಂಗೂನಿನಲ್ಲಿ. ಗುರುತಿಸಿದವರು ಆಲ್‌ಫ್ರೆಡ್ ವಿಟ್ಮೋರ್ ಮತ್ತು ಸಹಾಯಕ ಕೃಷ್ಣಸ್ವಾಮಿ.

● ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವೈದ್ಯರು ಕರಾವಳಿಯ ರೋಗಿಗಳಲ್ಲಿ ಕಂಡದ್ದು ಎರಡು ಸಂಗತಿ: ಹೆಚ್ಚಿನವರು ಬಂದದ್ದು ಮಳೆಗಾಲದಲ್ಲಿ, ಹೆಚ್ಚಿನವರಿಗೆ ಸಕ್ಕರೆ ಕಾಯಿಲೆ ಇತ್ತು.

● ಪ್ರಯೋಗಾಲಯದಲ್ಲಿ ‘ಬಾಲ್ಬ್-ಸಿ’ ತಳಿಯ ಬಿಳಿ ಇಲಿ ಈ ಸೋಂಕಿಗೆ ಬೇಗ ಬಲಿಯಾಗುತ್ತದೆ. ‘ಸಿ57 ಬ್ಲ್ಯಾಕ್ 6’ ಎಂಬ ಕಪ್ಪು ಇಲಿ ಬಹಳಷ್ಟು ತಡೆದುಕೊಳ್ಳುತ್ತದೆ. ಆದರೆ ಅದರ ರಕ್ತದಲ್ಲಿರುವ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳನ್ನು ಇಲ್ಲವಾಗಿಸಿದರೆ ಅದೂ ಕೆಲವೇ ದಿನಗಳಲ್ಲಿ ಸಾಯುತ್ತದೆ.

● 1999ರಲ್ಲಿ ಪ್ರಕಟವಾದ ಪ್ರಯೋಗವೊಂದು ಬೆರಗು ಹುಟ್ಟಿಸುತ್ತದೆ. ರೋಗನಿರೋಧಕ ಶಕ್ತಿ ಚೆನ್ನಾಗಿದ್ದ ಇಲಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು 5 ಲಕ್ಷಕ್ಕೂ ಹೆಚ್ಚು ಬ್ಯಾಕ್ಟೀರಿಯಾ ಬೇಕಿತ್ತು. ಗಾಮಾ ಇಂಟರ್‌ಫೆರಾನ್ ಎಂಬ ಒಂದೇ ಒಂದು ರಕ್ಷಕ ಪ್ರೋಟೀನನ್ನು ತಡೆದಾಗ ಸುಮಾರು 2 ಸಾಕಾಯಿತು!

● ಸ್ಟ್ರೆಪ್ಟೊಜೊಟೋಸಿನ್ ಎಂಬ ರಾಸಾಯನಿಕ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡಿ ಇಲಿಗೆ ಸಕ್ಕರೆ ಕಾಯಿಲೆ ತರುತ್ತದೆ. ಅಂಥ ಇಲಿಗಳಲ್ಲಿ ಈ ಸೋಂಕಿನ ವಿರುದ್ಧ ದೇಹದ ಮೊದಲ ಪ್ರತಿರೋಧ ತಡವಾಗಿ ಏಳುತ್ತದೆಂದು 2012ರ ಅಧ್ಯಯನ ತೋರಿಸಿತು. ಅಷ್ಟರಲ್ಲಿ ರೋಗಾಣು ಬೆಳೆದುಬಿಟ್ಟಿರುತ್ತದೆ.

● ಇಲಿಯ ನೋವೂ ನೋವೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಯೋಗಕ್ಕೊಳಗಾಗುವ ಪ್ರಾಣಿಗಳಿಗೂ ಅನ್ವಯಿಸುತ್ತದೆ. ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಇಂಥ ಪ್ರಯೋಗ ಮಾಡುವಂತಿಲ್ಲ.

● ಮನುಷ್ಯರಿಗೆ ಇದರ ಲಸಿಕೆ ಇನ್ನೂ ಬಂದಿಲ್ಲ. ಚಿಕಿತ್ಸೆಯಿದೆ, ಆದರೆ ದೀರ್ಘ: ಕನಿಷ್ಠ 10ರಿಂದ 14 ದಿನ ನರಕ್ಕೆ ಆ್ಯಂಟಿಬಯಾಟಿಕ್, ಬಳಿಕ ಸುಮಾರು 3 ತಿಂಗಳು ಮಾತ್ರೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು.

● ಕೆಮ್ಮು, ಜ್ವರ, ತೂಕ ಇಳಿಕೆ ಕಂಡು ಇದನ್ನು ಕ್ಷಯವೆಂದು ತಪ್ಪಾಗಿ ತಿಳಿಯುವುದುಂಟು. ಖಚಿತವಾಗುವುದು ರಕ್ತ, ಕಫ ಅಥವಾ ಕೀವಿನ ಕಲ್ಚರ್ ಪರೀಕ್ಷೆಯಲ್ಲಿ.

● ಸಕ್ಕರೆ ಕಾಯಿಲೆ ಇರುವವರು ನೇಜಿ ನೆಡಲು ಇಳಿಯುವಾಗ ಗಂಬೂಟು, ಕೈಗವಸು ಹಾಕಿಕೊಳ್ಳಲಿ, ಗಾಯವನ್ನು ಮುಚ್ಚಿಕೊಳ್ಳಲಿ, ಸಕ್ಕರೆ ಹತೋಟಿಯಲ್ಲಿಡಲಿ. ಜ್ವರ ಬಿಡದಿದ್ದರೆ ವೈದ್ಯರಿಗೆ ಎರಡು ಮಾತು ಹೇಳಲು ಮರೆಯಬೇಡಿ: ನನಗೆ ಶುಗರ್ ಇದೆ, ನಾನು ಕೆಸರಿನಲ್ಲಿ ಕೆಲಸ ಮಾಡಿದ್ದೇನೆ.