ಬಿದ್ದದ್ದು ಬಚ್ಚಲಲ್ಲಿ, ಭಾರ ಕ್ಯಾಶುವಲ್ಟಿಗೆ

ಮಳೆಗಾಲದಲ್ಲಿ ಅಂಗಳಕ್ಕೆ ಅಡಿಕೆ ಸೋಗೆ ಹಾಸುವುದು ದಕ್ಷಿಣ ಕನ್ನಡದ ಹಳೆಯ ರೂಢಿ. ಮಣ್ಣೂ ಕೊಚ್ಚಿಹೋಗದು, ಪಾಚಿಯಲ್ಲಿ ಕಾಲೂ ಜಾರದು. ಮಂಗಳೂರಿನ ಫ್ಲ್ಯಾಟಿಗೆ ಸೋಗೆ ಎಲ್ಲಿಂದ ತರೋಣ? ಅಲ್ಲಿರುವುದು ಮಿರಮಿರ ಮಿಂಚುವ ಟೈಲ್ಸು, ಸೋಪಿನ ನೀರು ನಿಂತ ಬಾತ್‌ರೂಮು, ಕರೆಂಟು ದಂಡವೆಂದು ನಡುರಾತ್ರಿ ಕತ್ತಲಲ್ಲೇ ತಡಕಾಡುತ್ತ ಹೋಗುವ ಅಜ್ಜಿ. ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ.

ಹೀಗೆ ಬಿದ್ದವರನ್ನು ಕ್ಯಾಶುವಲ್ಟಿಗೆ ತಂದಾಗ ನೋಡುವವರಿಗೆ ಅದು ಸಣ್ಣ ಕೇಸು. ರಕ್ತವಿಲ್ಲ, ಗಲಾಟೆಯಿಲ್ಲ. ಒಳಗಿನ ಕೆಲಸ ಮಾತ್ರ ಬೇಗ ಮುಗಿಯುವಂಥದ್ದಲ್ಲ. ಸೊಂಟಕ್ಕೆ ಎಕ್ಸ್‌ರೇ ಆಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಾದರೆ, ತಲೆಗೆ ಬಿದ್ದ ಪೆಟ್ಟು ಸಣ್ಣದೆಂದು ಕಂಡರೂ ಸಿ.ಟಿ. ಸ್ಕ್ಯಾನ್ ಬೇಕು. ಸಕ್ಕರೆ, ಸೋಡಿಯಂ, ಇಸಿಜಿ ಬೇರೆ. ಯಾವ ಮಾತ್ರೆ ಎಂದು ಕೇಳಿದರೆ ‘ಬಿಳಿಯದೊಂದು, ಗುಲಾಬಿಯದೊಂದು’. ಸೊಂಟದ ಮೂಳೆ ಮುರಿದಿದ್ದರೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಆಗುವುದು ಒಳ್ಳೆಯದು. ಮಲಗಿದಷ್ಟೂ ನ್ಯುಮೋನಿಯಾ, ಹಾಸಿಗೆ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಸಹಿ ಹಾಕಬೇಕಾದ ಮಗ ವಾಟ್ಸಾಪ್ ಕಾಲ್‌ನಲ್ಲಿ ‘ನಾಳೆ ಫ್ಲೈಟು’ ಅನ್ನುತ್ತಿರುತ್ತಾನೆ.

ಮಂಗಳೂರಿನ ಆಸ್ಪತ್ರೆಗಳ ಹಾಸಿಗೆಗಳಿಗೆ ಕಾಯುವವರು ನಗರದವರಷ್ಟೇ ಅಲ್ಲ. 1848ರಷ್ಟು ಹಳೆಯದಾದ ವೆನ್ಲಾಕ್, ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳನ್ನು ಕಾಸರಗೋಡಿನವರೂ ಘಟ್ಟದ ಮೇಲಿನವರೂ ನಂಬಿಕೊಂಡಿದ್ದಾರೆ. ಎಷ್ಟರ ಮಟ್ಟಿಗೆ ಎಂಬುದು 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆಂದು ಕೇರಳದೊಂದಿಗಿನ ತಲಪಾಡಿ ಗಡಿ ಮುಚ್ಚಿ ಕಾಸರಗೋಡಿನ ರೋಗಿಗಳು ಆಚೆಯೇ ಉಳಿದಾಗ ಎಲ್ಲರಿಗೂ ತಿಳಿಯಿತು.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಮಂದಿ ಬಿದ್ದು ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಪಘಾತಗಳ ಸಾವಿನಲ್ಲಿ ರಸ್ತೆಯ ನಂತರದ ಸ್ಥಾನ ಇದರದ್ದೇ. ರಸ್ತೆಗೆ ಪೊಲೀಸರಿದ್ದಾರೆ, ಹಂಪ್ ಇದೆ, ಹೆಲ್ಮೆಟ್ ಇದೆ. ಬಚ್ಚಲಿಗೆ ಒಂದು ಹಿಡಿಕೆ ಹಾಕಿಸಲೂ ನಮಗೆ ಮನಸ್ಸು ಬಾರದು. ಮಾಡ್ಯುಲರ್ ಕಿಚನ್‌ಗೆ ಲಕ್ಷಗಟ್ಟಲೆ ಸುರಿಯುತ್ತೇವೆ ಅನ್ನುವುದು ಬೇರೆ ಮಾತು.

ಆದರೆ ಹಿಡಿಕೆಯೊಂದೇ ಸಾಲದು. ಮೂಳೆ ಕೂಡಿಸಿ ಮನೆಗೆ ಕಳಿಸುವಾಗ ‘ವಯಸ್ಸಾಯಿತಲ್ಲ’ ಎಂದು ಮನೆಯವರು ಸುಮ್ಮನಾಗಬಾರದು, ಬಿದ್ದದ್ದೇಕೆ ಎಂದು ಕೇಳಬೇಕು. ಬಿ.ಪಿ. ಮಾತ್ರೆ ಹೆಚ್ಚಾಗಿರಬಹುದು, ನಿದ್ದೆ ಮಾತ್ರೆಯ ಅಮಲಿರಬಹುದು, ಕಣ್ಣಿಗೆ ಪೊರೆ ಬಂದಿರಬಹುದು. ಮಲಗಿದ್ದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿ.ಪಿ. ನೋಡಿ. ಮೇಲಿನ ಅಂಕಿ 20ರಷ್ಟು ಇಳಿದಿದ್ದರೆ ವೈದ್ಯರಿಗೆ ಹೇಳಿ, ಮಾತ್ರೆಗಳ ಚೀಟಿಯನ್ನೂ ಮುಂದಿಡಿ.