ಏಳು ಜನ ಸೇರಿದರೆ ವಿಜ್ಞಾನ ಸಂಘ - ಎಂಟನೇ ವರ್ಷಕ್ಕೆ ಏನಾಗಿರುತ್ತೆ?

ಗೌರಿಬಿದನೂರು ತಾಲೂಕಿನಲ್ಲಿ ಎರಡು ದೊಡ್ಡ ಕಿವಿಗಳಿವೆ. ಒಂದು ನೆಲಕ್ಕೆ ಹಚ್ಚಿದ್ದು, ಇನ್ನೊಂದು ಆಕಾಶಕ್ಕೆ. ನೆಲದ ಕಿವಿ ಎಂದರೆ 1965ರಲ್ಲಿ ಶುರುವಾದ, ಈಗ ಭಾಭಾ ಅಣು ಸಂಶೋಧನಾ ಕೇಂದ್ರ ನೋಡಿಕೊಳ್ಳುವ ಭೂಕಂಪ ಮಾಪಕಗಳ ಸಾಲು. ದೂರದ ದೇಶದಲ್ಲಿ ನೆಲದಡಿ ಅಣುಬಾಂಬು ಸಿಡಿದರೂ ಇಲ್ಲಿ ಗೊತ್ತಾಗುತ್ತದೆ. ಆಕಾಶದ ಕಿವಿ 1976ರ ರೇಡಿಯೋ ದೂರದರ್ಶಕ. ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ನೆಟ್ಟಿದ್ದರು. ಅದರ ಉದ್ದದ ತೋಳೇ 1.4 ಕಿಲೋಮೀಟರ್. ಅದೇ ಜಾಗದ ಕೇಂದ್ರ ಇಂದಿಗೂ ಸೂರ್ಯನ ಸದ್ದು ಕೇಳಿಸಿಕೊಳ್ಳುತ್ತಿದೆ.

ಪಕ್ಕದ ಚಿಕ್ಕಬಳ್ಳಾಪುರ ತಾಲೂಕಿನ ಕಂದವಾರ ಕೆರೆ ಏರಿಗೆ ಬನ್ನಿ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಕಡೆಯ ಕೆರೆಗಳಿಗೆ ಬಿಡುವ ಯೋಜನೆಯಲ್ಲಿ ತುಂಬಿದ ಕೆರೆ ಇದು. ಯೋಜನೆಯ ಲೆಕ್ಕದಲ್ಲಿ ದಿನಕ್ಕೆ 210 ದಶಲಕ್ಷ ಲೀಟರು, 65 ಕೆರೆ. ಒಣಗಿ ಜಾಲಿ ಬೆಳೆದಿದ್ದ ಕೆರೆಗಳಲ್ಲಿ ನೀರು ನಿಂತಿತು, ಬತ್ತಿದ ಬೋರುಗಳಲ್ಲಿ ಮತ್ತೆ ನೀರಾಡಿತು ಎಂದವರು ಇದ್ದಾರೆ. ಮೂರನೇ ಹಂತದ ಶುದ್ಧಿ ಆಗದೆ ಈ ನೀರು ಬೇಡ ಎಂದು ಹೋರಾಟ ಮಾಡಿದವರೂ ಇದ್ದಾರೆ. ಏರಿ ಮೇಲೆ ಎಮ್ಮೆ ಮೇಯಿಸುವವನ ಪ್ರಶ್ನೆ ಒಂದೇ - "ಈ ನೀರಾಗೆ ಏನೈತೆ ಸ್ವಾಮಿ?"

ಸೂರ್ಯನ ಸದ್ದು ಕೇಳುವ ಜಿಲ್ಲೆಯಲ್ಲಿ ಇದಕ್ಕೆ ಉತ್ತರ ಇಲ್ಲವೇ? ಇದೆ. ಇಲಾಖೆಗಳ ಹತ್ತಿರ ವರದಿಗಳಿವೆ, ವಿಶ್ವವಿದ್ಯಾಲಯಗಳ ಹತ್ತಿರ ಪ್ರಬಂಧಗಳಿವೆ. ರೈತರ ಕೈಯಲ್ಲಿ ಮಾತ್ರ ಒಂದು ಪುಸ್ತಕವೂ ಇಲ್ಲ. ನಮ್ಮ ನೀರು, ನಮ್ಮ ಮಣ್ಣು, ನಮ್ಮ ಮಳೆಯ ಲೆಕ್ಕ ನಾವೇ ಇಟ್ಟುಕೊಳ್ಳುವ ಒಂದು ವಿಜ್ಞಾನ ಸಂಘ ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲೂಕುಗಳಿಗೆ ಬೇಕು ಎಂಬ ಮಾತು ಸಂತೆಯಲ್ಲಿ, ಗೂಡಿನ ಮಾರುಕಟ್ಟೆಯಲ್ಲಿ ಆಗಾಗ ಬರುತ್ತದೆ. ಸಂಘ ಕಟ್ಟುವುದು ಕಷ್ಟವಲ್ಲ. ಉಳಿಸುವುದು ಹೇಗೆ? ಹಿಂದೆ ಕಟ್ಟಿದವರು ಏನು ಮಾಡಿದರು ನೋಡೋಣ.

ಕೋಲ್ಮನ್ ಸಾಹೇಬರ ಕೂಟ

ಅಡಿಕೆ ಬೆಳೆಗಾರರಿಗೆ ಲೆಸ್ಲಿ ಕೋಲ್ಮನ್ ಹೆಸರು ಗೊತ್ತಿರುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿಸಿದ ಕೆನಡಾದ ವಿಜ್ಞಾನಿ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದವರು ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ 1934ರವರೆಗೆ ಇದ್ದರು. ಅವರ ಕಾಲದಲ್ಲಿ ಹುಟ್ಟಿದ 'ಮೈಸೂರು ಅಗ್ರಿಕಲ್ಚರಲ್ ಅಂಡ್ ಎಕ್ಸ್‌ಪೆರಿಮೆಂಟಲ್ ಯೂನಿಯನ್' ಎಂಬ ಸಂಸ್ಥೆಯನ್ನು ನಾವು ಪೂರಾ ಮರೆತಿದ್ದೇವೆ. ಹೆಸರಿನಲ್ಲೇ ನೋಡಿ, ಕೃಷಿಯ ಜತೆ ಪ್ರಯೋಗವೂ ಇದೆ. 1919ರಿಂದ ಅದರದ್ದೇ ಇಂಗ್ಲಿಷ್ ನಿಯತಕಾಲಿಕೆ ಬರುತ್ತಿತ್ತು.

ಈ ಹೆಸರು ಎಲ್ಲಿಂದ ಬಂತು? ಕೋಲ್ಮನ್‌ರ ಸ್ವಂತ ಸೀಮೆ ಆಂಟಾರಿಯೋದಲ್ಲಿ 1879ರಲ್ಲೇ ಇದೇ ಹೆಸರಿನ ಕೂಟ ಹುಟ್ಟಿತ್ತು. ಗೆಲ್ಫ್ ಊರಿನ ಕೃಷಿ ಕಾಲೇಜಿನ ಹಳೆ ವಿದ್ಯಾರ್ಥಿಗಳು, ರೈತರು ಅದರ ಸದಸ್ಯರು. ಕಾಲೇಜಿನಿಂದ ಬೀಜದ ಸಣ್ಣ ಪೊಟ್ಟಣ ಬರುತ್ತಿತ್ತು. ಅದನ್ನು ತಮ್ಮ ಹೊಲದ ಒಂದು ಮಡಿಯಲ್ಲಿ ಬಿತ್ತಬೇಕು, ಪಕ್ಕದ ಮಡಿಯಲ್ಲಿ ಹಳೆ ಬೀಜ. ಕೊಯ್ಲಾದ ಮೇಲೆ ಎರಡನ್ನೂ ತೂಕ ಹಾಕಿ ಕಾಗದ ಬರೆಯಬೇಕು. ಚಳಿಗಾಲದಲ್ಲಿ ಎಲ್ಲರೂ ಸೇರಿ ಲೆಕ್ಕ ಒಟ್ಟು ಮಾಡುವುದು. ಅಲ್ಲಿ ಹೆಸರಾದ 'ಒ.ಎ.ಸಿ. 21' ಎಂಬ ಬಾರ್ಲಿ ತಳಿ ಊರೂರಿಗೆ ಹಬ್ಬಿದ್ದು ಹೀಗೆ, ಸದಸ್ಯರ ಮಡಿಗಳಿಂದ.

ಈ ಏರ್ಪಾಟಿನಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು. ಅಲ್ಲಿ ಸದಸ್ಯ ಎಂದರೆ ಚಂದಾ ಕೊಟ್ಟವನು ಮಾತ್ರ ಅಲ್ಲ, ವರ್ಷಕ್ಕೊಂದು ಪ್ರಯೋಗ ಮಾಡಿ ಲೆಕ್ಕ ಕಳಿಸುವವನು. ನಮ್ಮಲ್ಲಿ ಎಷ್ಟು ಸಂಘಗಳ ಸದಸ್ಯತ್ವ ಹೀಗಿದೆ, ಹೇಳಿ? ರಸೀದಿ ಹರಿದರೆ ಮುಗಿಯಿತು.

ಮೈಸೂರಿನ ಕೂಟ ಬೆಳೆದಿದ್ದು ಇಲಾಖೆಯ ಆಸರೆಯಲ್ಲಿ. ಅದೇ ಅದರ ಬಲ, ಅದೇ ಅದರ ಮಿತಿ ಅಂತ ನನ್ನ ಎಣಿಕೆ. ಆಸರೆ ಕೊಟ್ಟವರು ವರ್ಗವಾಗುತ್ತಾರೆ, ನಿವೃತ್ತರಾಗುತ್ತಾರೆ. ಹೊಲ ಎಲ್ಲೂ ಹೋಗುವುದಿಲ್ಲ.

ಮೇಷ್ಟ್ರುಗಳ ಪರಿಷತ್ತು

ಹೆಚ್ಚುಕಡಿಮೆ ಅದೇ ಹೊತ್ತಿಗೆ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಬೆಂಗಳೂರಿನಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಒಳ್ಳೆ ಪತ್ರಿಕೆ. ಎರಡೇ ವರ್ಷ ನಡೆಯಿತು. ಅರವತ್ತು ವರ್ಷ ಬಿಟ್ಟು 1978ರಲ್ಲಿ 'ಬಾಲವಿಜ್ಞಾನ' ಶುರುವಾಯಿತು, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. ಇದು ದಶಕಗಳ ಕಾಲ ಬಾಳಿತು. ಯಾಕೆ? ಬೆಳ್ಳಾವೆಯವರ ಬೆನ್ನಿಗೆ ಊರೂರಿನ ಜನ ಇರಲಿಲ್ಲ. ಪರಿಷತ್ತಿಗೆ ಜೆ.ಆರ್. ಲಕ್ಷ್ಮಣರಾಯರಂಥ ಹಿರಿಯರ ಜತೆಗೆ ಜಿಲ್ಲಾ ಸಮಿತಿ, ತಾಲೂಕು ಘಟಕ, ಅದರಲ್ಲಿ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರುಗಳು ಇದ್ದರು. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಹಳ್ಳಿ ಮಕ್ಕಳು ಕೆರೆ, ಬೋರು, ಸೊಪ್ಪುಸದೆ ಲೆಕ್ಕ ಹಾಕಿ ಪ್ರಬಂಧ ಓದಿದ್ದು ಈ ಮೇಷ್ಟ್ರುಗಳ ದೆಸೆಯಿಂದ.

ಆದರೆ ಮೇಷ್ಟ್ರ ವರ್ಗಾವಣೆ ಆದೇಶ ಬಂತೋ, ತಾಲೂಕು ಘಟಕ ನಿದ್ದೆ ಹೋಗುತ್ತದೆ. ಮಕ್ಕಳು ಪಾಸಾಗಿ ಊರು ಬಿಡುತ್ತಾರೆ. ಅವರು ಅಳೆದ ಬೋರಿನ ಲೆಕ್ಕ ಶಾಲೆಯ ಬೀರುವಿನಲ್ಲಿ ಗೆದ್ದಲಿಗೆ. ಅಲ್ಲೇ ಇರುವವನು, ಬೋರಿನ ಯಜಮಾನ, ಸಂಘದಲ್ಲೇ ಇಲ್ಲ. ಅವನನ್ನು ಯಾರೂ ಬೇಡ ಎಂದಿಲ್ಲ, ಬಾ ಎಂದೂ ಕರೆದಿಲ್ಲ.

ಬುಧವಾರ ಎಂದರೆ ಬುಧವಾರ

ಗೌರಿಬಿದನೂರು ತಾಲೂಕಿನ ಹೊಸೂರಿನಿಂದ ಓದಲೆಂದು ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋದ ಹುಡುಗ ಎಚ್. ನರಸಿಂಹಯ್ಯ. ಅಮೆರಿಕದಲ್ಲಿ ಡಾಕ್ಟರೇಟ್ ಮುಗಿಸಿ ಬಂದು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರ ಸಂಜೆ ವಿಜ್ಞಾನದ ಉಪನ್ಯಾಸ, ಯಾರು ಬೇಕಾದರೂ ಬರಬಹುದು, ದುಡ್ಡಿಲ್ಲ. ಭಾಷಣಗಳ ಎಣಿಕೆ ಎರಡು ಸಾವಿರ ದಾಟಿತು. 2005ರ ಜನವರಿಯಲ್ಲಿ ಎಚ್ಚೆನ್ ತೀರಿಕೊಂಡರು. ಫೋರಂ ಅವರ ಜತೆ ಹೋಗಲಿಲ್ಲ.

ಇದರ ಗುಟ್ಟು ಬಹಳ ಸಾದಾ. ದಿನ ಗೊತ್ತು, ಜಾಗ ಗೊತ್ತು. ಮಂತ್ರಿ ಬರಲಿಲ್ಲ ಎಂದು ಸಭೆ ಮುಂದೆ ಹೋಗುವುದಿಲ್ಲ. ನಮ್ಮ ಕಡೆ ಸಭೆ ನಿಲ್ಲುವುದೇ ಶಾಲು-ಹಾರದ ಗಲಾಟೆಯಲ್ಲಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ನೋಡಿ. ಹರಾಜಿನ ಹೊತ್ತಿಗೆ ಯಾರಿಗೂ ಆಹ್ವಾನ ಪತ್ರಿಕೆ ಬೇಕಿಲ್ಲ.

ಕೇರಳದವರದು ಇನ್ನೊಂದು ದಾರಿ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಹುಟ್ಟಿದ್ದೂ 1962ರಲ್ಲೇ, ಕೋಝಿಕ್ಕೋಡಿನಲ್ಲಿ. ಮಲಯಾಳದಲ್ಲಿ ವಿಜ್ಞಾನ ಬರೆಯುವ ಕೆಲವೇ ಮಂದಿಯ ಕೂಟ ಆಮೇಲೆ ಹತ್ತಾರು ಸಾವಿರ ಸದಸ್ಯರ ಸಂಘವಾಯಿತು. ಕೆಳಗೆ ಊರಿನ ಘಟಕ, ಮೇಲೆ ಮೇಖಲೆ, ಜಿಲ್ಲೆ, ರಾಜ್ಯ. ಪ್ರತಿ ಮೆಟ್ಟಿಲಲ್ಲೂ ಸಮ್ಮೇಳನ, ವರದಿ, ಲೆಕ್ಕ, ಆಯ್ಕೆ. ಖರ್ಚಿಗೆ ಮುಖ್ಯವಾಗಿ ತಮ್ಮದೇ ಪುಸ್ತಕ ಮಾರಿದ ದುಡ್ಡು. ಅದಕ್ಕೇ ಸೈಲೆಂಟ್ ವ್ಯಾಲಿ ಅಣೆಕಟ್ಟಿನ ವಿಚಾರದಲ್ಲಿ ಸರ್ಕಾರದ ಎದುರು ತಮ್ಮದೇ ತಾಂತ್ರಿಕ ವರದಿ ಇಟ್ಟು ಮಾತಾಡಲು ಅವರಿಗೆ ಸಾಧ್ಯವಾಯಿತು. 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸರ್ಕಾರದ ಅನುದಾನದಲ್ಲೇ ಉಸಿರಾಡುವ ಸಂಘಕ್ಕೆ ಇದು ಸುಲಭವಲ್ಲ. ವಿಶ್ವಬ್ಯಾಂಕ್ ನೆರವಿನ ಜಲಸಂವರ್ಧನೆ ಯೋಜನೆಯಲ್ಲಿ ಹುಟ್ಟಿದ ಕೆರೆ ಬಳಕೆದಾರರ ಸಂಘಗಳ ಬೋರ್ಡು ನಮ್ಮ ಕಡೆ ಈಗಲೂ ಕಾಣುತ್ತವೆ. ಯೋಜನೆ ಮುಗಿದ ಮೇಲೆ ಸಭೆ ನಡೆಸಿದವು ಎಷ್ಟು ಎಂದು ನಿಮ್ಮೂರಿನಲ್ಲೇ ಕೇಳಿ.

ಬೈಲಾ ಯಾರು ಓದ್ತಾರೆ?

ಕಾನೂನು ಬಹಳ ಕೇಳುವುದಿಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಏಳು ಜನ ಸೇರಿದರೆ ಸಂಘ. ಒಪ್ಪಬಹುದಾದ ಉದ್ದೇಶಗಳಲ್ಲಿ ವಿಜ್ಞಾನ ಎಂಬ ಮಾತು ಕಾಯ್ದೆಯಲ್ಲೇ ಇದೆ. ಉದ್ದೇಶಪತ್ರ ಒಂದು, ನಿಯಮಾವಳಿ ಅಂದರೆ ಬೈಲಾ ಒಂದು. ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಗೆ ಕೊಡಬೇಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕ. ಸಂಘ ಮುಚ್ಚಿದರೆ ಉಳಿದ ಆಸ್ತಿ ಸದಸ್ಯರು ಹಂಚಿಕೊಳ್ಳುವಂತಿಲ್ಲ. ವ್ಯಾಪಾರ ಮಾಡುವ ರೈತ ಉತ್ಪಾದಕರ ಕಂಪನಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ.

ಸಾಮಾನ್ಯವಾಗಿ ಬೈಲಾ ಎಂದರೆ ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಮಾದರಿ. ಹೆಸರು ಬದಲಿಸಿ ಸಹಿ ಹಾಕುವುದು. "ಅದನ್ನ ಯಾರ್ ಓದ್ತಾರೆ ಬಿಡಿ" ಅಂತಾರೆ. ಜಗಳ ಬಂದ ದಿನ ಎಲ್ಲರೂ ಓದುತ್ತಾರೆ! ನಮ್ಮ ಕಡೆಯ ಒಂದು ಸಂಘದಲ್ಲಿ ಕಾರ್ಯದರ್ಶಿ ಹನ್ನೆರಡು ವರ್ಷ ಒಬ್ಬರೇ. ಒಳ್ಳೆಯವರು, ಒಂದು ಪೈಸೆ ಮುಟ್ಟಿದವರಲ್ಲ. ಪುಸ್ತಕಗಳೆಲ್ಲ ಅವರ ಮನೆಯ ಟ್ರಂಕಿನಲ್ಲಿ. ಅವರು ಮಗನ ಮನೆಗೆಂದು ಬೆಂಗಳೂರಿಗೆ ಹೋದರು, ಸಂಘವೂ ಟ್ರಂಕಿನೊಳಗೇ ಹೋಯಿತು.

ಅಂದರೆ ಕಳ್ಳರಿಂದ ಸಾಯುವ ಸಂಘಗಳಿಗಿಂತ ಒಳ್ಳೆಯವರಿಂದ ಸಾಯುವುವೇ ಹೆಚ್ಚೇನೋ. ಎರಡು ಅವಧಿಗಿಂತ ಹೆಚ್ಚು ಯಾರೂ ಅದೇ ಕುರ್ಚಿಯಲ್ಲಿ ಇರಬಾರದು ಎಂದು ಬರೆಯಬೇಕು. ಚೆಕ್ಕಿಗೆ ಇಬ್ಬರ ಸಹಿ. ಕೋರಂ ಎಷ್ಟು ಅಂತ ಯೋಚನೆ ಮಾಡಿ ಬರೆಯಬೇಕು. ತೀರಾ ಕಡಿಮೆಯಾದರೆ ನಾಲ್ಕು ಜನ ಎಲ್ಲ ತೀರ್ಮಾನ ಮಾಡುತ್ತಾರೆ, ಹೆಚ್ಚಾದರೆ ಸುಗ್ಗಿ ಕಾಲದಲ್ಲಿ ಸಭೆಯೇ ಆಗಲ್ಲ. ಹುಳು ನಾಲ್ಕನೇ ಜ್ವರದಿಂದ ಎದ್ದು ಸೊಪ್ಪು ಮುಕ್ಕುವಾಗ ಶಿಡ್ಲಘಟ್ಟದ ಯಾವ ಹೆಂಗಸು ಸಭೆಗೆ ಬರುತ್ತಾಳೆ? ಅವಳ ಹೆಸರು ಸದಸ್ಯರ ಪಟ್ಟಿಯಲ್ಲಿ ಇರಬೇಕು, ಸಭೆಯ ಹೊತ್ತೂ ಅವಳನ್ನು ಕೇಳಿಯೇ ಇಡಬೇಕು. ಚಂದಾ ಬಾಕಿಗೆ ತಲೆ ಕೆಡಿಸಿಕೊಳ್ಳುವುದು ಬೇಡ. 1660ರಲ್ಲಿ ಹುಟ್ಟಿದ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ವಾರಕ್ಕೊಂದು ಷಿಲ್ಲಿಂಗ್ ಚಂದಾ ಇತ್ತು, ಅಲ್ಲಿನ ದೊಡ್ಡ ದೊಡ್ಡ ವಿದ್ವಾಂಸರೂ ಬಾಕಿ ಇಟ್ಟಿದ್ದರು.

ಸಂಘದ ಗಡಿ ಯಾವುದು ಎಂಬುದೂ ಸಣ್ಣ ಪ್ರಶ್ನೆಯಲ್ಲ. 2007ರಲ್ಲಿ ಕೋಲಾರ ಒಡೆದು ಚಿಕ್ಕಬಳ್ಳಾಪುರ ಜಿಲ್ಲೆ ಆಯಿತು. ಜಿಲ್ಲೆಯ ಹೆಸರಿನಲ್ಲಿ ಕಟ್ಟಿದ ಸಂಘಕ್ಕೆ ಹೀಗೆ ಜಿಲ್ಲೆ ಒಡೆದರೆ ಸದಸ್ಯರು ಯಾರ ಪಾಲು, ಬ್ಯಾಂಕ್ ಖಾತೆ ಯಾರದು ಎಂಬ ತಕರಾರು ಬರುತ್ತದೆ. ನೀರಿನ ಲೆಕ್ಕ ಇಡುವ ಸಂಘಕ್ಕೆ ಕೆರೆಯ ಸರಪಳಿಯೇ ಗಡಿಯಾದರೆ ಚೆಂದ. ಸರ್ಕಾರ ತಾಲೂಕು ಒಡೆಯಬಹುದು, ಕೋಡಿ ಹರಿಯುವ ದಿಕ್ಕು ಬದಲಿಸಲಾಗದು.

ಫಲಿತಾಂಶ ಯಾರ ಸ್ವತ್ತು?

ಕೆಲಸಕ್ಕೆ ಸಾಮಾನು ಬೇಕಾದಷ್ಟಿದೆ. ಜಲಜೀವನ ಮಿಷನ್ನಿನಲ್ಲಿ ಪಂಚಾಯತಿಗಳಿಗೆ ನೀರು ಪರೀಕ್ಷೆ ಕಿಟ್ ಬಂದಿವೆ. ಪಂಚಾಯತಿಗೊಂದರಂತೆ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. ಚಿಂತಾಮಣಿಯ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ರೇಷ್ಮೆ ಕೃಷಿ ಕಾಲೇಜು ಇದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬ ಅಂಕಿ ಒಂದು ನೆನಪಿದ್ದರೆ ಕಿಟ್ಟಿನ ಬಣ್ಣ ನೋಡಿ ಯಾರಾದರೂ ಹೇಳಬಹುದು. ಯುರೇನಿಯಂ, ಭಾರಲೋಹಗಳಿಗೆ ಕಿಟ್ ಸಾಲದು, ದೊಡ್ಡ ಪ್ರಯೋಗಾಲಯವೇ ಆಗಬೇಕು.

ಸಾಮಾನಿಗಿಂತ ದೊಡ್ಡ ತೊಡಕು ಬೇರೆ. ಶಿಡ್ಲಘಟ್ಟದ ಕಡೆಯ ಒಬ್ಬ ತರಕಾರಿ ಬೆಳೆಗಾರರ ಹತ್ತಿರ ಈ ಮಾತು ತೆಗೆದಾಗ ಅವರು ಹೇಳಿದ್ದು - "ಪರೀಕ್ಷೆ ಮಾಡ್ಸೋದು ಸರಿ. ನೀರಾಗೆ ವಿಷ ಐತೆ ಅಂತ ನೀವು ಪೇಪರ್‌ನಾಗೆ ಹಾಕಿಸಿದ್ರೆ ನಾಳೆ ನನ್ನ ಟೊಮೇಟೊ ಯಾರ್ ಕೇಳ್ತಾರೆ? ನೀವ್ ಕೊಡ್ತೀರಾ ದುಡ್ಡು?"

ಅವರ ಮಾತು ತಳ್ಳಿಹಾಕುವಂಥದ್ದಲ್ಲ. ನಮ್ಮ ಸೊಪ್ಪು, ತರಕಾರಿ ಹೋಗುವುದು ಬೆಂಗಳೂರಿಗೆ. ನೀರೂ ಅಲ್ಲಿಂದಲೇ ಬರುತ್ತದೆ. ಫಲಿತಾಂಶ ಮುಚ್ಚಿಟ್ಟರೆ ಅದೇ ನೀರು ನಮ್ಮ ಬೋರಿಗೆ ಇಳಿದು ನಮ್ಮ ಮಕ್ಕಳು ಕುಡಿಯುತ್ತಾರೆ; ಬಿಚ್ಚಿಟ್ಟರೆ ಒಂದು ಬೆಳೆ ತಿಪ್ಪೆಗೆ. ಇದನ್ನು ಫಲಿತಾಂಶ ಕೈಗೆ ಬಂದ ಮೇಲೆ ತೀರ್ಮಾನಿಸಲು ಕೂತರೆ ಸಂಘ ಎರಡು ಹೋಳಾಗುವುದು ಖಂಡಿತ. ಒಂದು ಕಡೆ ಕೆರೆ ಕೆಳಗಿನವರು, ಇನ್ನೊಂದು ಕಡೆ ಮೇಲಿನವರು.

ಹಾಗಾಗಿ ಮೊದಲ ಸೀಸೆಗೆ ನೀರು ಹಿಡಿಯುವ ಮುಂಚೆಯೇ ಬೈಲಾದಲ್ಲಿ ಇದು ಇರಬೇಕು ಎಂಬುದು ನನ್ನ ಪಟ್ಟು. ಒಂದೇ ಜಾಗದಿಂದ ಎರಡು ಸೀಸೆ, ಎರಡು ಬೇರೆ ಪ್ರಯೋಗಾಲಯ. ಫಲಿತಾಂಶ ಮೊದಲು ಆ ಬೋರಿನವರ ಕೈಗೆ. ಹದಿನೈದು ದಿನದೊಳಗೆ ಸರ್ವಸದಸ್ಯರ ಸಭೆ. ಆಮೇಲೆ ಊರಿನ ಹೆಸರು ಹಾಕಿ, ಮನೆ ಹೆಸರು ಬಿಟ್ಟು, ಒಳ್ಳೆಯದಾಗಲಿ ಕೆಟ್ಟದಾಗಲಿ ಪಂಚಾಯತಿ ಗೋಡೆಗೆ ಅಂಟಿಸುವುದು. ತಡೆಯುವ ಅಧಿಕಾರ ಅಧ್ಯಕ್ಷರಿಗೂ ಬೇಡ.

ಟೊಮೇಟೊ ಬೆಳೆಗಾರರಿಗೆ ಇದನ್ನು ಓದಿ ಹೇಳಿದೆ. ಹದಿನೈದು ದಿನ ಸಾಲದು, ಒಂದು ಬೀಡು ಕಿತ್ತು ಮುಗಿಯುವಷ್ಟು, ಒಂದು ತಿಂಗಳಾದರೂ ಬೇಕು ಎಂದರು. ಅಷ್ಟು ದಿನ ಆ ನೀರು ಕುಡಿಯುವವರ ಗತಿ ಏನು ಎಂದು ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಕೇಳಿದರು. ಕುಡಿಯುವ ಬೋರಿಗೆ ಅದೇ ದಿನ, ಬೆಳೆಯ ಬೋರಿಗೆ ಹದಿನೈದು ದಿನ ಎಂದು ಸದ್ಯಕ್ಕೆ ತಿದ್ದಿ ಇಟ್ಟಿದ್ದೇವೆ. ಏಳು ಸಹಿಯಲ್ಲಿ ಎರಡು ಆ ಮನೆಯದೇ.